ಚೀಟಿಯಲ್ಲಿ ಬರೆಯದ ಸಾಲುಗಳು: ಅಸೆಂಬಲ್ಡ್ ಕಂಪ್ಯೂಟರ್ ಅಗ್ಗವೋ, ಬಿಡಿ ಪಾರ್ಟ್ ಅಗ್ಗವೋ?

2025ರ ಜೂನ್. ಬೆಳಗಾವಿಯಲ್ಲಿ ಮಳೆ ಹಿಡಿದು ಕೂತಿತ್ತು. ಇಂಜಿನಿಯರಿಂಗ್ ಓದುವ ಅಣ್ಣನ ಮಗ ಒದ್ದೆ ರೇನ್‌ಕೋಟಿನ ಜೇಬಿನಿಂದ ಒಂದು ಚೀಟಿ ತೆಗೆದು ನನ್ನ ಮುಂದೆ ಇಟ್ಟ. ಯಾವುದೋ ಅಂಗಡಿಯ ವಿಸಿಟಿಂಗ್ ಕಾರ್ಡಿನ ಹಿಂಬದಿ. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಹೀಗೆ ಬರೆದಿತ್ತು: ಐ5 12ನೇ ಜನರೇಶನ್, 16 ಜಿಬಿ, 512 ಎಸ್‌ಎಸ್‌ಡಿ, ಬೋರ್ಡ್, ಕ್ಯಾಬಿನೆಟ್, 22 ಇಂಚು, ಕೀಬೋರ್ಡ್ ಮೌಸ್. ಕೆಳಗೆ ಎರಡು ಗೆರೆ ಎಳೆದು 39,500, ಎಲ್ಲ ಜೋಡಿಸಿ ಕೊಡುವ ಅಂಗಡಿಯ ದರ.

ಇನ್ನೊಂದು ಕೈಯಲ್ಲಿ ಮೊಬೈಲ್. ಅದರಲ್ಲಿ ಅವನೇ ಮಾಡಿಕೊಂಡ ಪಟ್ಟಿ ಇತ್ತು. ಆನ್‌ಲೈನ್‌ನಲ್ಲಿ ಒಂದೊಂದೇ ಪಾರ್ಟ್ ಹುಡುಕಿ ರೇಟು ಬರೆದಿದ್ದ. ಪ್ರೊಸೆಸರ್ 12,500, ಮದರ್‌ಬೋರ್ಡ್ (ಪಾರ್ಟುಗಳೆಲ್ಲ ಕೂರುವ ಬೋರ್ಡ್) 6,500, 8 ಜಿಬಿಯ ಎರಡು ರ‍್ಯಾಮ್ ಸೇರಿ 3,600, ಎಸ್‌ಎಸ್‌ಡಿ (ಫೈಲುಗಳು ಉಳಿಯುವ ಡಿಸ್ಕ್) 3,200, ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಪಾರ್ಟುಗಳಿಗೆ ಹಂಚುವ ಡಬ್ಬಿ) 3,200, ಕ್ಯಾಬಿನೆಟ್ 2,500, ಮಾನಿಟರ್ 6,500, ಕೀಬೋರ್ಡ್ ಮೌಸ್ 800. ಒಟ್ಟು 38,800.

"ಕಾಕಾ, ಏಳ್ನೂರ ರೂಪಾಯಿ ಅಷ್ಟ ಫರಕ್ ಐತಿ. ಅಂಗಡ್ಯಾಗ ಮಾಡಿಸಿಬಿಡೂಣು?" ಅಂದ.

ನಾನು ನಮ್ಮೂರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಲೆಕ್ಕಪತ್ರ ನೋಡುವವನು. ದಿನಾ ಕೊಟೇಶನ್ ಓದುವುದೇ ಕೆಲಸ. ಎರಡು ಕೊಟೇಶನ್ ಹತ್ತಿರ ಹತ್ತಿರ ಬಂದಾಗಲೇ ಹೆಚ್ಚು ಅನುಮಾನ ಬರುತ್ತದೆ. ಚೀಟಿ ಮತ್ತು ಮೊಬೈಲ್ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ಮೊಬೈಲಿನ ಪಟ್ಟಿಯಲ್ಲಿ ಎಂಟು ಸಾಲು, ಎಲ್ಲಕ್ಕೂ ಕಂಪನಿ ಮತ್ತು ಮಾಡೆಲ್ ಹೆಸರು ಇತ್ತು. ಚೀಟಿಯಲ್ಲಿ ಏಳೇ ಸಾಲು, ಒಂದಕ್ಕೂ ಹೆಸರಿಲ್ಲ. ಎಸ್‌ಎಂಪಿಎಸ್ ಅನ್ನುವ ಸಾಲೇ ಇರಲಿಲ್ಲ.

ಮನೆ ಕಟ್ಟಿಸಿದವರಿಗೆ ಇದು ಹೊಸದಲ್ಲ. ಮಟೀರಿಯಲ್ ಸಮೇತ ಕಾಂಟ್ರಾಕ್ಟ್ ಕೊಟ್ಟರೆ ಚದರಕ್ಕೆ ಇಷ್ಟು ಅಂತ ಒಂದೇ ರೇಟು. ಲೇಬರ್ ಕಾಂಟ್ರಾಕ್ಟ್ ಕೊಟ್ಟರೆ ಸಿಮೆಂಟು, ಕಬ್ಬಿಣ, ಉಸುಕು ನಾವೇ ತರಬೇಕು. ಎರಡನ್ನೂ ಹೋಲಿಸುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು, ಅಲ್ವಾ? ಕಾಂಟ್ರಾಕ್ಟರ್ ಯಾವ ಸಿಮೆಂಟು ಹಾಕುತ್ತಾನೆ? ಆ ಪ್ರಶ್ನೆ ಕೇಳದೆ ಒಟ್ಟು ಮೊತ್ತ ಹೋಲಿಸಿದರೆ ಎರಡು ಬೇರೆ ಬೇರೆ ಮನೆ ಹೋಲಿಸಿದಂತೆ.

ಅಂಗಡಿಗೆ ಫೋನ್ ಹಚ್ಚಿ ಒಂದೊಂದೇ ಸಾಲು ಕೇಳಿಸಿದೆ.

ಮೊದಲು ಐ5, ಅಂದರೆ ಇಂಟೆಲ್ ಕಂಪನಿಯ ಪ್ರೊಸೆಸರ್. ಈ ಎರಡು ಅಕ್ಷರದ ಮೇಲೆ ಎಷ್ಟು ಜನ ಮೋಸ ಹೋಗುತ್ತಾರೋ ಲೆಕ್ಕವಿಲ್ಲ. 2011ರಲ್ಲಿ ಬಂದ ಐ5-2400 ಕೂಡ ಐ5, 2022ರಲ್ಲಿ ಬಂದ ಐ5-12400 ಕೂಡ ಐ5. ಮೊದಲನೆಯದಕ್ಕೆ 4 ಕೋರ್ (ಒಳಗಿನ ದುಡಿಯುವ ಘಟಕ), 4 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ). ಎರಡನೆಯದಕ್ಕೆ 6 ಕೋರ್, 12 ಥ್ರೆಡ್. ನಡುವೆ ಹನ್ನೊಂದು ವರ್ಷದ ಅಂತರ. "ಐ5 ಕಂಪ್ಯೂಟರ್, ಬರೀ ಹನ್ನೆರಡು ಸಾವಿರ" ಅಂತ ಬರುವ ಜಾಹೀರಾತುಗಳಲ್ಲಿ ಬಹುಪಾಲು ಆ ಹಳೆಯದೇ ಇರುತ್ತದೆ. ನಮ್ಮ ಚೀಟಿಯಲ್ಲಿ 12ನೇ ಜನರೇಶನ್ ಅಂತ ಇತ್ತು, ಅಷ್ಟು ಸಮಾಧಾನ. ಆದರೆ ಕೇಳಿದಾಗ ಗೊತ್ತಾಯಿತು, ಅದು ಟ್ರೇ ಪ್ರೊಸೆಸರ್. ಅಂದರೆ ಕಂಪನಿಯ ಬಾಕ್ಸ್ ಇಲ್ಲದೆ ಬಿಡಿಯಾಗಿ ಬಂದದ್ದು. ಬಾಕ್ಸ್‌ನಲ್ಲಿ ಬರುವುದಕ್ಕೆ ಇಂಟೆಲ್‌ನ 3 ವರ್ಷದ ವಾರಂಟಿ ಇರುತ್ತದೆ, ಜೊತೆಗೆ ಕೂಲರ್ ಫ್ಯಾನ್ ಬರುತ್ತದೆ. ಟ್ರೇ ತಗೊಂಡರೆ ಮಾರಿದವನ ಮಾತೇ ವಾರಂಟಿ, ಫ್ಯಾನ್ ಬೇರೆ ಹಾಕಬೇಕು.

ಇದರಲ್ಲೇ ಇನ್ನೊಂದು ಸಣ್ಣ ಗುಂಡಿ ಇದೆ. ಅದರಲ್ಲಿ ಬೀಳುತ್ತಿದ್ದವನು ನಮ್ಮ ಹುಡುಗನೇ. ಅವನು ಮೊದಲು ಪಟ್ಟಿಗೆ ಹಾಕಿದ್ದು ಐ5-12400ಎಫ್. ಅದು ಸ್ವಲ್ಪ ಅಗ್ಗ. ಕೊನೆಯ ಎಫ್ ಅಂದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆ ಮೇಲೆ ಏನೂ ಮೂಡುವುದಿಲ್ಲ. ಸಾವಿರ-ಒಂದೂವರೆ ಸಾವಿರ ಉಳಿಸಲು ಹೋಗಿ ಹತ್ತು ಸಾವಿರದ ಕಾರ್ಡ್ ತರಬೇಕಾಗುತ್ತಿತ್ತು. ಒಂದು ಅಕ್ಷರ ಅಷ್ಟೆ.

ಆಮೇಲೆ ರ‍್ಯಾಮ್. ಅಂಗಡಿಯದು 16 ಜಿಬಿಯ ಒಂದೇ ಸ್ಟಿಕ್, ಯಾವ ಕಂಪನಿ ಅಂತ ಕೇಳಿದರೆ "ಛಲೋ ಕಂಪನಿದ ಐತ್ರಿ" ಅನ್ನುವ ಉತ್ತರ. ಹುಡುಗನ ಪಟ್ಟಿಯಲ್ಲಿ 8 ಜಿಬಿಯ ಎರಡು. ಒಟ್ಟು ಎರಡೂ ಕಡೆ 16 ಜಿಬಿ. ಆದರೆ ಎರಡು ಸ್ಟಿಕ್ ಇದ್ದರೆ ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೆ ಡೇಟಾ ಎಳೆದುಕೊಳ್ಳುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಪರದೆಯ ಕೆಲಸಕ್ಕೂ ಇದೇ ರ‍್ಯಾಮ್ ಬಳಕೆಯಾಗುವುದರಿಂದ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಒಂದೇ ಸ್ಟಿಕ್ ಹಾಕುವುದು ತಪ್ಪು ಅಂತಲ್ಲ. ಎರಡೇ ಸ್ಲಾಟ್ ಇರುವ ಬೋರ್ಡಿನಲ್ಲಿ ಒಂದು ಖಾಲಿ ಉಳಿದರೆ ಮುಂದೆ ಏರಿಸಲು ಸುಲಭ. ಆದರೆ ಯಾವುದು ಸಿಗುತ್ತದೆ ಅಂತ ಮೊದಲೇ ಗೊತ್ತಿರಬೇಕು.

ಎಸ್‌ಎಸ್‌ಡಿ 512 ಅಂತ ಬರೆದದ್ದು ಸಾಟಾ ಅನ್ನುವ ಹಳೇ ನಮೂನೆಯದು. ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 550 ಎಂಬಿ ಓದುತ್ತದೆ. ಹುಡುಗನ ಪಟ್ಟಿಯಲ್ಲಿದ್ದ ಎನ್‌ವಿಎಂಇ ಅನ್ನುವ ಹೊಸ ನಮೂನೆ 3,000 ಎಂಬಿ ದಾಟುತ್ತದೆ. ನಿಜ ಹೇಳಬೇಕೆಂದರೆ ಲೆಕ್ಕಪತ್ರದ ಟ್ಯಾಲಿ ತೆರೆದು ಕೂತವನಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆದರೆ ದುಡ್ಡು ಕೊಡುವಾಗ ಗೊತ್ತಾಗಬೇಕು.

ಕೊನೆಗೆ ಎಸ್‌ಎಂಪಿಎಸ್. ಕೇಳಿದ್ದಕ್ಕೆ, "ಕ್ಯಾಬಿನೆಟ್ ಸಂಗಟನ ಬರತೈತಲ್ರಿ" ಅಂದರು.

ಇಲ್ಲಿ ನನ್ನ ಹಳೇ ಗಾಯ ಒಂದಿದೆ. 2011ರಲ್ಲಿ ನಾನು ಮೊದಲ ಕಂಪ್ಯೂಟರ್ ಮಾಡಿಸಿದಾಗ ಹೀಗೆಯೇ ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ ಹಾಕಿಸಿದ್ದೆ. ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಚೀಟಿ ಅಂಟಿಸಿತ್ತು. ಕೈಯಲ್ಲಿ ಹಿಡಿದರೆ ಖಾಲಿ ಟಿಫಿನ್ ಡಬ್ಬಿಯಷ್ಟು ಹಗುರ. ಎರಡನೇ ಮಳೆಗಾಲದಲ್ಲಿ ಒಂದು ಸಂಜೆ ಕರೆಂಟ್ ಹೋಗಿ ಬಂತು. ಫಟ್ ಅಂತ ಸದ್ದು, ಸುಟ್ಟ ವಾಸನೆ. ಎಸ್‌ಎಂಪಿಎಸ್ ಒಂದೇ ಹೋಗಿದ್ದರೆ ಸುಮ್ನೆ ಇರುತ್ತಿದ್ದೆ. ಅದು ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮಗಳ ಮೊದಲ ಹುಟ್ಟುಹಬ್ಬದ ಫೋಟೋ ಅದರಲ್ಲೇ ಇದ್ದವು. ಅಂಗಡಿಗೆ ಹೋದರೆ ಎಸ್‌ಎಂಪಿಎಸ್ ಬದಲಾಯಿಸಿ ಕೊಟ್ಟರು. ಉಳಿದದ್ದಕ್ಕೆ ಕೈ ಆಡಿಸಿದರು. ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯೇ ಇತ್ತು. ವಾರಂಟಿ ಆ ಪಾರ್ಟಿಗೆ ಮಾತ್ರ. ಅದು ಸಾಯುವಾಗ ಏನೇನು ಸುಟ್ಟಿತು ಅನ್ನುವುದು ವಾರಂಟಿಯಲ್ಲಿ ಬರುವುದಿಲ್ಲ.

ಎಸ್‌ಎಂಪಿಎಸ್ ಮೇಲಿನ ವ್ಯಾಟ್ ಸಂಖ್ಯೆಗಿಂತ ಅದು ನಿಜವೋ ಸುಳ್ಳೋ ಅನ್ನುವುದು ಮುಖ್ಯ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಈ ಕಂಪ್ಯೂಟರ್ ಪೂರ್ತಿ ದುಡಿದರೂ 200 ವ್ಯಾಟ್ ಮುಟ್ಟುವುದಿಲ್ಲ. ಹಾಗಾಗಿ ನಿಜವಾದ 450 ಧಾರಾಳ ಸಾಕು. 80 ಪ್ಲಸ್ ಅನ್ನುವ ಗುರುತು 2004ರಿಂದ ಇದೆ. ಗೋಡೆಯಿಂದ ಎಳೆದ ಕರೆಂಟಿನಲ್ಲಿ ಕನಿಷ್ಠ ಶೇ. 80 ಭಾಗ ಕಂಪ್ಯೂಟರಿಗೆ ತಲುಪಬೇಕು ಅನ್ನುವುದು ಅದರ ಷರತ್ತು. 200 ವ್ಯಾಟ್ ಬೇಕಾದರೆ ಅಂಥದ್ದು 250 ಎಳೆಯುತ್ತದೆ. ಶೇ. 65ರ ಮಟ್ಟದ್ದು 308 ಎಳೆಯುತ್ತದೆ. ಉಳಿದದ್ದೆಲ್ಲ ಡಬ್ಬಿಯೊಳಗೆ ಬಿಸಿಯಾಗಿ ಕೂರುತ್ತದೆ, ಅದೇ ಮುಂದೆ ಅದನ್ನು ಸುಡುತ್ತದೆ.

ಎಲ್ಲ ಕೇಳಿ ಮುಗಿದ ಮೇಲೆ ಹುಡುಗನ ಪಟ್ಟಿಯನ್ನೇ ವಾಟ್ಸಾಪ್ ಮಾಡಿದೆವು. "ಇದ ಮಾಲು, ಬಾಕ್ಸ್ ಪ್ಯಾಕ್, ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬರದ ಬಿಲ್. ಎಷ್ಟಾಗತೈತಿ ಹೇಳ್ರಿ" ಅಂತ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು. 42,000.

ಈಗ ಸರಿಯಾದ ಲೆಕ್ಕ ಸಿಕ್ಕಿತು. ಒಂದೇ ಮಾಲಿಗೆ 38,800 ಮತ್ತು 42,000. ಫರಕ್ 700 ಅಲ್ಲ, 3,200. ಮೊದಲ ಚೀಟಿಯಲ್ಲಿ ಅಂಗಡಿಯವರು ಆ 2,500 ರೂಪಾಯಿಯನ್ನು ಹೆಸರಿಲ್ಲದ ಸಾಲುಗಳಲ್ಲಿ ಇಳಿಸಿಟ್ಟಿದ್ದರು. ಅದನ್ನು ಮೋಸ ಅಂತ ನಾನು ಕರೆಯುವುದಿಲ್ಲ. ಬರುವವರಲ್ಲಿ ಹೆಚ್ಚಿನವರು ಕೇಳುವುದು ಒಟ್ಟು ಎಷ್ಟು ಅಂತ ಮಾತ್ರ. ಅಂಗಡಿಯವರೂ ಅದಕ್ಕೆ ತಕ್ಕ ಹಾಗೆ ಕಟ್ಟಿಕೊಡುತ್ತಾರೆ.

ಹಾಗಾದರೆ ಆ 3,200 ಯಾಕೆ? ನಾಲ್ಕು ಸ್ಕ್ರೂ ಬಿಗಿಯುವುದಕ್ಕೆ ಅಷ್ಟು ದುಡ್ಡೇ ಅಂತ ಹುಡುಗ ಕೇಳಿದ. ಪಾರ್ಟುಗಳು ಇಂಪೋರ್ಟ್ ಮಾಡುವವರಿಂದ ಡಿಸ್ಟ್ರಿಬ್ಯೂಟರಿಗೆ, ಅಲ್ಲಿಂದ ಹುಬ್ಬಳ್ಳಿ ಕಡೆಯ ಸಬ್‌ಡೀಲರಿಗೆ, ಅಲ್ಲಿಂದ ನಮ್ಮೂರಿನ ಅಂಗಡಿಗೆ ಬರುತ್ತವೆ. ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಸೇರುತ್ತದೆ. ಆನ್‌ಲೈನ್ ಮಾರಾಟಗಾರ ಒಂದೆರಡು ಮೆಟ್ಟಿಲು ಹಾರಿ ಬರುತ್ತಾನೆ. ಆಮೇಲೆ ಅಂಗಡಿಯ ಬಾಡಿಗೆ, ಹುಡುಗರ ಸಂಬಳ ಇದ್ದದ್ದೇ. ಆದರೆ ಆ 3,200ರಲ್ಲಿ ನಿಜವಾಗಿ ಬೆಲೆ ಬಾಳುವುದು ಬೇರೆ ಒಂದಿದೆ. ಅದು ಏನು ಅಂತ ನಮಗೆ ಆಗಸ್ಟ್‌ನಲ್ಲಿ ತಿಳಿಯಿತು. ಅದಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ಬಿಲ್ಲಿನ ಮಾತು ಮುಗಿಸುತ್ತೇನೆ, ಅದು ನನ್ನ ಹೊಟ್ಟೆಪಾಡಿನ ವಿಷಯ.

"ಬಿಲ್ ಬೇಕಂದ್ರ ಮ್ಯಾಲ 18 ಪರ್ಸೆಂಟ್ ಆಗತೈತ್ರಿ." ಈ ಮಾತು ಕೇಳದವರು ಯಾರಿದ್ದಾರೆ? ಪ್ರೊಸೆಸರ್, ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, 22 ಇಂಚಿನ ಮಾನಿಟರ್, ಎಲ್ಲಕ್ಕೂ ಜಿಎಸ್‌ಟಿ ಶೇ. 18 ಇರುವುದು ನಿಜ. ಆದರೆ ಅಂಗಡಿಯವರು ಮಾಲು ತರುವಾಗಲೇ ಆ ತೆರಿಗೆ ಕೊಟ್ಟಿರುತ್ತಾರೆ. 10,000ದ ಮಾಲಿಗೆ 1,800 ಕೊಟ್ಟು ತಂದರು ಅಂದುಕೊಳ್ಳಿ. 500 ಲಾಭ ಇಟ್ಟು 10,500ಕ್ಕೆ ಮಾರಿದರೆ ನಮ್ಮಿಂದ ತೆರಿಗೆ 1,890 ತಗೊಳ್ಳುತ್ತಾರೆ. ಮೊದಲು ಕೊಟ್ಟ 1,800 ಕಳೆದು ಸರಕಾರಕ್ಕೆ ಕಟ್ಟುವುದು 90 ರೂಪಾಯಿ. ಅಂದರೆ ಬಿಲ್ ಕೊಟ್ಟರೂ ಆ ಮಾಲು ನಮಗೆ 12,390ಕ್ಕೆ ಬೀಳಬೇಕು. ಬಿಲ್ ಇಲ್ಲದೆ 12,300 ಹೇಳಿ, ಬಿಲ್ ಬೇಕು ಅಂದ ತಕ್ಷಣ ಅದರ ಮೇಲೆ ಮತ್ತೆ 18 ಸೇರಿಸಿದರೆ ತೆರಿಗೆ ಮೇಲೆ ತೆರಿಗೆ ಆಯಿತು. ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಶನ್ ಸ್ಕೀಮಿನಲ್ಲಿರುವ ಸಣ್ಣ ಅಂಗಡಿಯವರ ಕಥೆ ಬೇರೆ. ಅವರು ಗಿರಾಕಿಯಿಂದ ತೆರಿಗೆ ಅಂತ ಬೇರೆ ವಸೂಲಿ ಮಾಡುವ ಹಾಗೇ ಇಲ್ಲ.

ಬಿಲ್ ಬಿಟ್ಟರೆ ವಾರಂಟಿಯೂ ಬಿಟ್ಟಂತೆ. ಕಂಪನಿಯವರು ಮೊದಲು ಕೇಳುವುದೇ ಬಿಲ್ಲಿನ ಪ್ರತಿ. ಅದರಲ್ಲೂ "ಅಸೆಂಬಲ್ಡ್ ಕಂಪ್ಯೂಟರ್, 1 ನಗ (ಪೀಸ್)" ಅಂತ ಒಂದೇ ಸಾಲಿನ ಬಿಲ್ ಇದ್ದರೆ ಉಪಯೋಗ ಕಡಿಮೆ. ಪ್ರತಿ ಪಾರ್ಟಿನ ವಾರಂಟಿ ಬೇರೆ ಬೇರೆ. ಪ್ರೊಸೆಸರಿಗೆ 3 ವರ್ಷ, ಬೋರ್ಡಿಗೆ ಸಾಮಾನ್ಯವಾಗಿ 3, ಎಸ್‌ಎಸ್‌ಡಿಗೆ 3ರಿಂದ 5, ಒಳ್ಳೇ ಎಸ್‌ಎಂಪಿಎಸ್‌ಗೆ 5ರ ಮೇಲೂ ಇರುತ್ತದೆ. ಅಂಗಡಿಯವರು "ಕಂಪ್ಯೂಟರಿಗೆ ಒಂದ ವರ್ಷ ವಾರಂಟಿ" ಅಂದರೆ ಅದನ್ನು ಅಷ್ಟಕ್ಕೇ ನಂಬಿ ಬಿಡಬೇಡಿ. ನಿಮ್ಮದೇ ಜಿಎಸ್‌ಟಿ ನಂಬರ್ ಇದ್ದರೆ ಬಿಲ್ ಇನ್ನೂ ಮುಖ್ಯ. 38,800ರಲ್ಲಿ ಸುಮಾರು 5,900 ತೆರಿಗೆಯೇ ಇದೆ. ವ್ಯಾಪಾರಕ್ಕೆ ಬಳಸುವ ಕಂಪ್ಯೂಟರ್ ಆದರೆ ಅದು ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ. ಆನ್‌ಲೈನ್‌ನಲ್ಲಿ ತರಿಸುವಾಗ ಜಿಎಸ್‌ಟಿ ನಂಬರ್ ಹಾಕಲು ಮರೆತು ಆಮೇಲೆ ತಲೆ ಚಚ್ಚಿಕೊಂಡವರನ್ನು ನಾನು ಉದ್ಯಮಬಾಗದಲ್ಲೇ ನೋಡಿದ್ದೇನೆ.

ಸರಿ, ಹುಡುಗ 3,200 ಉಳಿಸುವುದೇ ಸೈ ಅಂದ. ಬಿಡಿ ಪಾರ್ಟ್ ತರಿಸಿ ನಾವೇ ಕಟ್ಟುವುದು ಅಂತ ಆಯಿತು.

ಜುಲೈ ಕೊನೆಯಲ್ಲಿ ಪಾರ್ಸೆಲ್ ಬರತೊಡಗಿದವು. ಮೊದಲು ಬಂದದ್ದು ಮದರ್‌ಬೋರ್ಡ್. ಆಮೇಲೆ ಪ್ರೊಸೆಸರ್, ರ‍್ಯಾಮ್. ಎಸ್‌ಎಂಪಿಎಸ್ ಎಲ್ಲೋ ಗೋದಾಮಿನಲ್ಲಿ ಎರಡು ದಿನ ಕೂತಿತು. ಕ್ಯಾಬಿನೆಟ್ ಹತ್ತನೇ ದಿನ ಬಂತು, ಒಂದು ಮೂಲೆ ನೆಗ್ಗಿತ್ತು. ಅಷ್ಟೂ ದಿನ ಹುಡುಗ ಡಬ್ಬಿಗಳನ್ನು ಕಾಟಿನ ಕೆಳಗೆ ಸಾಲಾಗಿ ಇಟ್ಟು ಕಾದ. ಆ ಹೊತ್ತಿಗೆ ಮದರ್‌ಬೋರ್ಡಿನ ಏಳು ದಿನದ ವಾಪಸಾತಿ ಅವಧಿ ಮುಗಿದಿತ್ತು. ಇಬ್ಬರಿಗೂ ಹೊಳೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ಡೈನಿಂಗ್ ಟೇಬಲ್ ಮೇಲೆ ಕೂತೆವು. ಈ ಪ್ರೊಸೆಸರಿಗೆ ತನ್ನದೇ ಕಾಲುಗಳಿಲ್ಲ, ಪಿನ್ನುಗಳೆಲ್ಲ ಬೋರ್ಡಿನ ಸಾಕೆಟ್‌ನಲ್ಲಿರುತ್ತವೆ. 1700 ಪಿನ್, ಕೂದಲಿನಷ್ಟು ತೆಳು. ಅಂಗಿ ತೋಳು ತಾಗಿದರೂ ಬಾಗುತ್ತವೆ. ಬಾಗಿದರೆ ವಾರಂಟಿ ಹೋಯಿತು. ಹುಡುಗ ಇನ್‌ಸ್ಟಾಗ್ರಾಮಿಗೆ ಅಂತ ಮೊಬೈಲ್ ನಿಲ್ಲಿಸಿ ಎಲ್ಲವನ್ನೂ ವಿಡಿಯೋ ಮಾಡುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಪ್ರೊಸೆಸರಿನ ಮೂಲೆಯ ತ್ರಿಕೋನ ನೋಡಿ ಕೂರಿಸಿದೆವು, ಲಿವರ್ ಒತ್ತಿದೆವು. ಆ ಲಿವರ್ ಒತ್ತುವಾಗ ಕರ್ ಅನ್ನುವ ಸದ್ದಿಗೆ ಎದೆ ಝಲ್ಲೆನ್ನುತ್ತದೆ, ಎಷ್ಟು ಸಲ ಮಾಡಿದರೂ ಅಷ್ಟೆ. ಕೂಲರ್, ರ‍್ಯಾಮ್, 24 ಪಿನ್ನಿನ ವಾಯರು, ಮೇಲ್ಗಡೆಯ 8 ಪಿನ್ನಿನ ವಾಯರು, ಎಲ್ಲ ಆಯಿತು. ಬಟನ್ ಒತ್ತಿದೆವು. ಫ್ಯಾನ್ ತಿರುಗಿತು. ಪರದೆ ಕಪ್ಪಗೇ ಇತ್ತು.

ಒಂದು ರ‍್ಯಾಮ್ ತೆಗೆದು ನೋಡಿದೆವು. ಇನ್ನೊಂದು ಹಾಕಿದೆವು. ಸ್ಲಾಟ್ ಬದಲಿಸಿದೆವು. ಕೇಬಲ್ ಬದಲಿಸಿದೆವು. ಕೂಲರ್ ಬಿಚ್ಚಿ ಪೇಸ್ಟ್ ಒರೆಸಿ ಪಿನ್ ನೋಡಿದೆವು, ಎಲ್ಲ ನೆಟ್ಟಗಿದ್ದವು. ಮಧ್ಯಾಹ್ನದ ಊಟ ಆರಿ ಹೋಯಿತು. ಕೆಟ್ಟದ್ದು ಬೋರ್ಡೋ, ಪ್ರೊಸೆಸರೋ, ಎಸ್‌ಎಂಪಿಎಸ್ಸೋ? ಮೂರು ಪಾರ್ಟಿಗೆ ಮೂರು ಮಾರಾಟಗಾರರು. ಮೂವರಿಗೂ ಚಾಟ್ ಮಾಡಿದ. ಮೂವರೂ ಬೇರೆ ಪಾರ್ಟ್ ಚೆಕ್ ಮಾಡಿಸಿ ಅಂದರು.

ಮರುದಿನ ಎಲ್ಲವನ್ನೂ ರಟ್ಟಿನ ಡಬ್ಬಿಯಲ್ಲಿ ತುಂಬಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಮಾರ್ಕೆಟ್ ಕಡೆಯ ಇನ್ನೊಂದು ಅಂಗಡಿಗೆ ಹೋದೆವು. ಕೌಂಟರಿನ ಹಿಂದಿದ್ದ ತಮ್ಮ ಏನೂ ಮಾತಾಡಲಿಲ್ಲ. ತನ್ನ ಎಸ್‌ಎಂಪಿಎಸ್ ತಂದು ಚುಚ್ಚಿದ. ಪರದೆ ಕಪ್ಪು. ಕಪಾಟಿನಿಂದ ತನ್ನದೊಂದು ಬೋರ್ಡ್ ತೆಗೆದು ನಮ್ಮ ಪ್ರೊಸೆಸರ್, ನಮ್ಮ ರ‍್ಯಾಮ್ ಅದರ ಮೇಲೆ ಕೂರಿಸಿದ. ಪರದೆ ಬೆಳಗಿತು. "ನಿಮ್ಮ ಬೋರ್ಡ್ ಹೋಗೇತ್ರಿ. ಮುನ್ನೂರ ಕೊಡ್ರಿ." ಹದಿನೈದು ನಿಮಿಷ.

ಅಂಗಡಿಯವರು ತಗೊಳ್ಳುವ ಜಾಸ್ತಿ ದುಡ್ಡಿನಲ್ಲಿ ಬೆಲೆ ಬಾಳುವುದು ಆ ಕಪಾಟು. ಸ್ಕ್ರೂ ಬಿಗಿಯುವುದನ್ನು ಯಾರಾದರೂ ವಿಡಿಯೋ ನೋಡಿ ಕಲಿಯಬಹುದು. ಆದರೆ ಕೆಟ್ಟದ್ದು ಯಾವುದು ಅಂತ ಹೇಳಲು ಕೆಡದೇ ಇರುವ ಇನ್ನೊಂದು ಕೈಯಲ್ಲಿರಬೇಕು. ಮನೆಯಲ್ಲಿ ಎಲ್ಲವೂ ಒಂದೊಂದೇ ಇರುತ್ತದೆ. ಅದೇ ಅಂಗಡಿಯಲ್ಲೇ ಕಟ್ಟಿಸಿದ್ದರೆ ಬೋರ್ಡ್ ಸತ್ತಿದೆ ಅನ್ನುವುದು ನಮಗೆ ಗೊತ್ತಾಗುತ್ತಲೂ ಇರಲಿಲ್ಲ. ಅವರೇ ಬದಲಿಸಿ ಕೊಡುತ್ತಿದ್ದರು.

ಬೋರ್ಡಿನ ಕಂಪನಿಗೆ ದೂರು ಹಾಕಿದೆವು. ಸಾಕೆಟ್ಟಿನ ಫೋಟೋ ಕಳಿಸಿ, ಪಿನ್ ಬಾಗಿಲ್ಲ ಅಂತ ತೋರಿಸಿ ಅಂದರು. ಹುಡುಗನ ಇನ್‌ಸ್ಟಾಗ್ರಾಮ್ ವಿಡಿಯೋ ಕೈ ಹಿಡಿಯಿತು. ನಾನು ಬಯ್ದದ್ದನ್ನು ಅವನು ಇವತ್ತಿಗೂ ಎತ್ತಿ ಆಡುತ್ತಾನೆ. ಆಮೇಲೆ ಕೊರಿಯರ್. ಹೊಸ ಬೋರ್ಡ್ ಬರಲು ಮೂರು ವಾರ ಆಯಿತು. ಗ್ರಾಹಕ ಆಯೋಗಕ್ಕೆ ಹೋಗಬಹುದಿತ್ತಲ್ಲ ಅಂತ ಗೆಳೆಯರೊಬ್ಬರು ಕೇಳಿದರು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾವು ವಾಸ ಇರುವ ಊರಿನಲ್ಲೇ ದೂರು ಕೊಡಬಹುದು, ಮಾರಿದವನು ಎಲ್ಲೇ ಇರಲಿ. ಗೊತ್ತಿದ್ದರೆ ಒಳ್ಳೇದು. ಆದರೆ ಬದಲಿ ಕೊಡುತ್ತೇವೆ, ತಡವಾಗುತ್ತದೆ ಅನ್ನುವವರ ಮೇಲೆ ಯಾರು ದೂರು ಹಾಕುತ್ತಾರೆ?

ಲೆಕ್ಕ ಹೀಗಾಯಿತು. ಅಂಗಡಿಯಲ್ಲಿ ಪರೀಕ್ಷೆಗೆ 300, ಕೊರಿಯರಿಗೆ 350, ಸ್ಕ್ರೂಡ್ರೈವರ್ ಮತ್ತು ಥರ್ಮಲ್ ಪೇಸ್ಟ್ 280. ಒಟ್ಟು 930. 3,200ರಲ್ಲಿ ಕಳೆದರೆ ಉಳಿದದ್ದು 2,270 ರೂಪಾಯಿ. ಪಾರ್ಟ್ ಯಾವುದೂ ಕೆಡದಿದ್ದರೆ ಹೆಚ್ಚುಕಡಿಮೆ 3,000 ಉಳಿಯುತ್ತಿತ್ತು. ಕೆಡುವುದು ದಿನಾ ಆಗುವ ಮಾತಲ್ಲ, ನಮ್ಮ ಹಣೆಬರಹ ಅಷ್ಟೆ. ಹುಡುಗನಿಗೆ ಇದು ಲಾಭವೇ. ಕಂಪ್ಯೂಟರಿನ ಒಳಗೆ ಏನಿದೆ ಅಂತ ಕೈಯಾರೆ ಕಲಿತ. ನಮ್ಮ ಆಫೀಸಿಗೆ ಮಾತ್ರ ನಾನು ಹೀಗೆ ಎಂದೂ ಮಾಡುವುದಿಲ್ಲ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಗಡುವು. ಮೂರು ವಾರ ಕಂಪ್ಯೂಟರ್ ಇಲ್ಲದಿದ್ದರೆ ನನ್ನನ್ನೇ ಕೊರಿಯರ್ ಮಾಡಿಬಿಡುತ್ತಾರೆ.

ಎರಡೂ ಪಟ್ಟಿಯಲ್ಲಿ ಇಲ್ಲದ ಕೆಲವು ಸಾಲು ಆಮೇಲೆ ಒಂದೊಂದಾಗಿ ಹೊರಬಂದವು. ಅಗ್ಗದ ಬೋರ್ಡುಗಳಲ್ಲಿ ವೈಫೈ ಇರುವುದಿಲ್ಲ, ಅದಕ್ಕೊಂದು ಯುಎಸ್‌ಬಿ ಕಡ್ಡಿ. ಯುಪಿಎಸ್ ಬೇಕೇ ಬೇಕು. ಅದರ ಮೇಲೆ 600 ವಿಎ ಅಂತ ಇದ್ದರೆ 600 ವ್ಯಾಟ್ ಅಂದುಕೊಳ್ಳಬೇಡಿ, ಸಾಮಾನ್ಯವಾಗಿ 360 ವ್ಯಾಟ್ ಇರುತ್ತದೆ. ಈ ಕಂಪ್ಯೂಟರಿಗೆ ಅದು ಸಾಕು.

ವಿಂಡೋಸ್ ದೊಡ್ಡ ಸಾಲು. ಅಸಲಿ ವಿಂಡೋಸ್ 11 ಅನ್ನು ಮೈಕ್ರೋಸಾಫ್ಟ್‌ನಿಂದ ನೇರವಾಗಿ ಕೊಂಡರೆ ನಮ್ಮ ಮದರ್‌ಬೋರ್ಡಿಗಿಂತ ದುಬಾರಿ. ಅಂಗಡಿಯವರು "ವಿಂಡೋಸ್ ಹಾಕಿ ಕೊಡ್ತೇವ್ರಿ" ಅಂದರೆ ಲೈಸೆನ್ಸ್ ಸಮೇತವೋ ಅಂತ ಕೇಳಿ. ಒಂದು ನಗು ಸಿಗುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. 11ಕ್ಕೆ ಇಂಟೆಲ್‌ನಲ್ಲಿ 8ನೇ ಜನರೇಶನ್ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಆ ಹನ್ನೆರಡು ಸಾವಿರದ ಹಳೇ ಐ5 ಬೇಡ ಅನ್ನಲು ಇದೂ ಒಂದು ಕಾರಣ. ನಮ್ಮ ಹುಡುಗ ವಿಂಡೋಸ್ ಬದಲು ಪುಕ್ಕಟೆ ಸಿಗುವ ಉಬುಂಟು ಹಾಕಿಕೊಂಡ, ಕೋಡಿಂಗಿಗೆ ಸಾಕಂತೆ. ಕನ್ನಡ ಟೈಪಿಂಗ್ ಕೂಡ ನಡೆಯುತ್ತದೆ.

ಕಂಪನಿಗಳು ಮಾರುವ ರೆಡಿಮೇಡ್ ಡೆಸ್ಕ್‌ಟಾಪ್ ಲೆಕ್ಕಕ್ಕೆ ಬರುವುದು ಇಲ್ಲಿಯೇ. ಅವರು ಸಾವಿರಗಟ್ಟಲೆ ಪಾರ್ಟ್, ಸಾವಿರಗಟ್ಟಲೆ ವಿಂಡೋಸ್ ಲೈಸೆನ್ಸ್ ಒಟ್ಟಿಗೆ ಕೊಳ್ಳುತ್ತಾರೆ. ಅಸಲಿ ವಿಂಡೋಸ್ ಸೇರಿಸಿ ಹೋಲಿಸಿದರೆ ಆಫೀಸ್ ಕೆಲಸದ ಮಟ್ಟದಲ್ಲಿ ಅಸೆಂಬಲ್ಡ್ ಅಗ್ಗ ಅನ್ನುವ ನಂಬಿಕೆ ಹಲವು ಸಲ ಉಳಿಯುವುದಿಲ್ಲ. ಆದರೆ ಕೆಲವು ಕಂಪನಿಗಳ ಎಸ್‌ಎಂಪಿಎಸ್, ಬೋರ್ಡ್ ಎಲ್ಲ ಅವರದೇ ಅಳತೆ. ವಾರಂಟಿ ಮುಗಿದ ಮೇಲೆ ಕೆಟ್ಟರೆ ಮಾರ್ಕೆಟ್ಟಿನ ಪಾರ್ಟ್ ಅದಕ್ಕೆ ಕೂರುವುದಿಲ್ಲ.

ಇನ್ನು ಪೇಟೆಯ ಏರಿಳಿತ. 2011ರಲ್ಲಿ ಥಾಯ್ಲೆಂಡ್‌ನಲ್ಲಿ ಪ್ರವಾಹ ಬಂದು ಫ್ಯಾಕ್ಟರಿಗಳು ಮುಳುಗಿದಾಗ ಇಲ್ಲಿ ಹಾರ್ಡ್‌ಡಿಸ್ಕ್ ದರ ಹಾರಿತು. 2021ರಲ್ಲಿ ಕ್ರಿಪ್ಟೋ ನಾಣ್ಯ ಗಣಿಗಾರಿಕೆಯ ಹುಚ್ಚಿಗೆ ಗ್ರಾಫಿಕ್ಸ್ ಕಾರ್ಡುಗಳು ಸಿಗದಂತಾಗಿ, ಕಾರ್ಡ್ ಸಮೇತದ ರೆಡಿಮೇಡ್ ಕಂಪ್ಯೂಟರೇ ಬಿಡಿ ಪಾರ್ಟಿಗಿಂತ ಅಗ್ಗ ಅನ್ನುವ ವಿಚಿತ್ರ ನಡೆಯಿತು. 2025ರ ಕೊನೆಗೆ ರ‍್ಯಾಮ್ ಸರದಿ. ಜಗತ್ತಿನ ಮೆಮೊರಿ ಚಿಪ್ ಬಹುಪಾಲು ಬರುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂರೇ ಕಂಪನಿಗಳಿಂದ. ಎಐ ಡೇಟಾ ಸೆಂಟರುಗಳು ಹೆಚ್ಚು ದುಡ್ಡು ಕೊಟ್ಟು ಎತ್ತಿಕೊಂಡವು. ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ರ‍್ಯಾಮ್, ಎಸ್‌ಎಸ್‌ಡಿಗಳನ್ನು ನಮ್ಮಂಥ ಬಿಡಿ ಗಿರಾಕಿಗಳಿಗೆ ಮಾರುವುದನ್ನೇ ಬಿಡುತ್ತೇವೆ ಅಂತ ಘೋಷಿಸಿತು. ಹುಡುಗ 3,600ಕ್ಕೆ ತಂದ ಜೋಡಿ ರ‍್ಯಾಮ್‌ನ ದರ ಆ ಹೊತ್ತಿಗೆ ಎರಡು ಪಟ್ಟು ದಾಟಿತ್ತು. ಹಾಗಾಗಿ ನಾನು ಕೊಟ್ಟ ಅಂಕಿಗಳನ್ನು ಬರೆದುಕೊಂಡು ಅಂಗಡಿಗೆ ಹೋಗಬೇಡಿ. ಲೆಕ್ಕ ಹಾಕುವ ರೀತಿ ಸಾಕು. ತಿಂಗಳಿಗೊಂದು ಪಾರ್ಟ್ ಕೊಂಡು ಜೋಡಿಸುವ ಯೋಚನೆಯಂತೂ ಬೇಡವೇ ಬೇಡ. ದರ ಏರುತ್ತಿರುತ್ತದೆ, ಡಬ್ಬಿಯಲ್ಲೇ ವಾರಂಟಿ ಸವೆಯುತ್ತಿರುತ್ತದೆ.

ಸಾಲಾಗಿ ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ತಂದರೆ ಅಂತ ಕೇಳುವವರಿದ್ದಾರೆ. 500 ಕಿಲೋಮೀಟರ್. ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಬರುವ ಖರ್ಚು, ಊಟ, ಒಂದು ದಿನದ ರಜೆ. ಬೇರೆ ಕೆಲಸಕ್ಕೆ ಹೋದವರು ತಂದರೆ ಸರಿ. ಪಾರ್ಟ್ ಕೆಟ್ಟರೆ ಮತ್ತೆ ಅಲ್ಲಿಗೇ ಒಯ್ಯಬೇಕು ಅನ್ನುವುದು ನೆನಪಿರಲಿ.

ಡಿಸೆಂಬರ್‌ನಲ್ಲಿ ಹುಡುಗನ ಗೆಳೆಯನಿಗೊಂದು ಕಂಪ್ಯೂಟರ್ ಬೇಕಾಯಿತು. ಈ ಸಲ ಎರಡನ್ನೂ ಬೆರೆಸಿದೆವು. ಪ್ರೊಸೆಸರ್ ಮತ್ತು ಎಸ್‌ಎಸ್‌ಡಿ ಆನ್‌ಲೈನ್‌ನಲ್ಲಿ ತರಿಸಿದೆವು. ಇವೆರಡೂ ಸಾಮಾನ್ಯವಾಗಿ ಕೆಡುವುದು ಕಡಿಮೆ, ಕೆಟ್ಟರೂ ಕಂಪನಿಗೆ ನೇರ ಕಳಿಸಬಹುದು. ಬೋರ್ಡ್, ಎಸ್‌ಎಂಪಿಎಸ್, ಮಾನಿಟರ್, ಕ್ಯಾಬಿನೆಟ್ ಮುನ್ನೂರು ತಗೊಂಡಿದ್ದ ಆ ತಮ್ಮನ ಅಂಗಡಿಯಲ್ಲೇ ಕೊಂಡೆವು. ರ‍್ಯಾಮ್ ಕೂಡ, ಯಾಕೆಂದರೆ ಅವನ ಹತ್ತಿರ ಹಳೇ ದರದ ಎರಡು ಸ್ಟಿಕ್ ಉಳಿದಿದ್ದವು. ಅರ್ಧ ಪಾರ್ಟ್ ಹೊರಗಿಂದ ತಂದರೆ ಕೆಲವು ಅಂಗಡಿಯವರು ಮುಟ್ಟುವುದೇ ಇಲ್ಲ. ಇವನು ಫಿಟ್ಟಿಂಗಿಗೆ 800 ಅಂದ. ನಾವು ಚೌಕಾಶಿ ಮಾಡಲಿಲ್ಲ.

ಹುಡುಗ ಪ್ರತಿ ಸಾಲಿಗೂ ಮಾಡೆಲ್, ಸೀರಿಯಲ್ ನಂಬರ್ ಬರೆದ ಹಾಳೆ ಹಿಡಿದು ಕೌಂಟರಿನ ಪಕ್ಕ ನಿಂತಿದ್ದ. ಅಂಗಡಿಯವನು ಎಸ್‌ಎಸ್‌ಡಿಯನ್ನು ಬೋರ್ಡಿನ ಮೇಲೆ ಕೂರಿಸಿ, ಅದನ್ನು ಒತ್ತಿ ಹಿಡಿಯುವ ಸ್ಕ್ರೂ ಹುಡುಕಿದ. ಎಳ್ಳಿನಷ್ಟು ಸಣ್ಣದು, ಬೋರ್ಡಿನ ಡಬ್ಬಿಯಲ್ಲೇ ಬರುತ್ತದೆ. ಡಬ್ಬಿ ಬಿಚ್ಚಿ ಫೋಟೋ ತೆಗೆಯುವಾಗ ಹುಡುಗರು ಎಲ್ಲೋ ಬೀಳಿಸಿದ್ದರು.

"ಇಷ್ಟೆಲ್ಲಾ ಬರಕೊಂಡ ಬಂದೀರಿ, ಸ್ಕ್ರೂ ಬರದಿಲ್ಲೇನ್ರಿ?" ಅಂತ ನಕ್ಕ. ಕೆಳಗಿನ ಖಾನೆಯಿಂದ ಒಂದು ಹಳೇ ಕುಂದಾ ಡಬ್ಬಿ ತೆಗೆದು ಅಲ್ಲಾಡಿಸಿದ. ಒಳಗೆ ತರತರದ ಸ್ಕ್ರೂ. ಬೆರಳಿನಲ್ಲಿ ಕೆದಕಿ ಒಂದನ್ನು ಹೆಕ್ಕಿ ಬಿಗಿದ. ಅದಕ್ಕೆ ದುಡ್ಡು ಹಚ್ಚಲಿಲ್ಲ.